ನೂರು ಕೆಬಿಯೊಳಗಿನ ಅಕ್ಕ

ಕಳೆದ ತಿಂಗಳು ನಮ್ಮ ಕಾರ್ಖಾನೆಯಲ್ಲಿ ಡಿಸ್ಪ್ಯಾಚ್ ಅಕ್ಕನಿಗೆ ಬೀಳ್ಕೊಡುಗೆ ಮಾಡಿದರು. ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ. ಮ್ಯಾನೇಜರು ಮೈಕ್ ಹಿಡಿದು ಅವರನ್ನು ಕರ್ಮಯೋಗಿ ಎಂದರು, ತ್ಯಾಗಮಯಿ ಎಂದರು, ಇನ್ನೂ ಏನೇನೋ ಎಂದರು. ಆಮೇಲೆ ನನ್ನನ್ನೂ ಎರಡು ಮಾತಾಡು ಎಂದು ಎಬ್ಬಿಸಿದರು. ಎದ್ದು ನೋಡುತ್ತೇನೆ, ಮುಂದಿನ ಸಾಲಿನಲ್ಲಿ ಅವರ ತಮ್ಮ ಕೂತಿದ್ದಾರೆ. ನನ್ನ ಬಾಯಿ ತುದಿಗೆ ಬಂದಿದ್ದ ಕಥೆ ಅವರೆದುರು ಹೇಳುವಂಥದ್ದಲ್ಲ. "ಅಕ್ಕ ತುಂಬಾ ಒಳ್ಳೆಯವರು" ಎಂದು ಹೇಳಿ ಕೂತುಬಿಟ್ಟೆ. ಒಳ್ಳೆಯವರು! ಆ ಮಾತು ಕಿವಿಗೆ ಬಿದ್ದರೆ ಅವರಿಗೆ ಮೈಯೆಲ್ಲ ಉರಿಯುತ್ತದೆ. ಅಂದಿನಿಂದ ನನಗೆ ಸಮಾಧಾನವಿಲ್ಲ. ಅಲ್ಲಿ ನುಂಗಿದ್ದನ್ನು ಇಲ್ಲಿ ಬರೆದು ಮುಗಿಸೋಣವೆಂದು ಕೂತಿದ್ದೇನೆ.

ಪೀಣ್ಯ ಎರಡನೇ ಹಂತದಲ್ಲಿ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆ ನಮ್ಮದು. ತಯಾರಾದ ಮಾಲನ್ನು ತೂಗಿಸಿ, ಪೆಟ್ಟಿಗೆಗೆ ತುಂಬಿಸಿ, ಲಾರಿ ಹತ್ತಿಸುವುದು ಡಿಸ್ಪ್ಯಾಚ್ ವಿಭಾಗದ ಕೆಲಸ. ಅವರು ಆ ವಿಭಾಗದ ಯಜಮಾನ್ತಿ. ನಾನು ಅದೇ ಕೋಣೆಯಲ್ಲಿ ಬಿಲ್ ಮಾಡುವವಳು. ಅವರು ರಾಣೆಬೆನ್ನೂರು ಕಡೆಯವರು, ಮೇಷ್ಟರ ಮಗಳು. ತಂದೆತಾಯಿ ತೀರಿಕೊಂಡ ಮೇಲೆ ತಮ್ಮನ ಕೈ ಹಿಡಿದುಕೊಂಡು ಬೆಂಗಳೂರಿಗೆ ಬಂದು, ಕೆಲಸಕ್ಕೆ ಸೇರಿ, ಅವನನ್ನು ಓದಿಸಿ, ಅವನಿಗೆ ಮದುವೆ ಮಾಡಿ, ಕೊನೆಗೆ ಚಿಕ್ಕಬಾಣಾವರದಲ್ಲಿ ಅವನ ಅಪಾರ್ಟ್‌ಮೆಂಟಿನಲ್ಲೇ ಉಳಿದವರು. ತಾವು ಮದುವೆಯಾಗಿರಲಿಲ್ಲ. ವಯಸ್ಸು ಐವತ್ತರ ಹತ್ತಿರ ಬಂದಿತ್ತು. ಕಾರ್ಖಾನೆಯಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ತಲೆ ಪೂರಾ ನೆರೆತ ಫೋರ್‌ಮನ್ನರೂ ಹಾಗೇ ಕರೆಯುತ್ತಿದ್ದರು.

ಅವರು ಕೂತದ್ದನ್ನು ಕಂಡವರು ಕಡಿಮೆ. ಅವರಿಗೆಂದು ಒಂದು ಕುರ್ಚಿ ಇತ್ತು, ಅದರ ಮೇಲೆ ನಮ್ಮೆಲ್ಲರ ಊಟದ ಚೀಲ ಇರುತ್ತಿತ್ತು. ಚಹಾ ಕುಡಿಯುವುದು ನಡೆಯುತ್ತಾ, ಫೋನಿನಲ್ಲಿ ಮಾತಾಡುವುದು ನಡೆಯುತ್ತಾ, ಲಾರಿಯವರನ್ನು ಬೈಯುವುದಂತೂ ಓಡುತ್ತಾ. ಅವರ ಹತ್ತಿರ ಒಂದು ಮಾತು ಕೇಳಬೇಕಾದರೆ ನಾವೂ ಅವರ ಜೊತೆ ತೂಕದ ಯಂತ್ರದಿಂದ ಗೇಟಿನ ತನಕ ಹೋಗಿ ಬರಬೇಕು. "ಒಂದ್ ನಿಮಿಷ ಕೂತ್ಕೊಳ್ಳಿ ಅಕ್ಕಾ, ತಲೆ ತಿರುಗುತ್ತೆ ನಿಮ್ಮನ್ನ ನೋಡಿದ್ರೆ" ಎಂದರೆ, "ನಾ ಕುಂತ್ರ ಲಾರಿನೂ ಕುಂದರತಾವ ತಂಗಿ" ಎನ್ನುತ್ತಾ ಅಷ್ಟು ಹೊತ್ತಿಗೆ ಬಾಗಿಲು ದಾಟಿರುತ್ತಿದ್ದರು. ಆಯುಧಪೂಜೆಯ ಗುಂಪು ಫೋಟೋಗಳಲ್ಲಿ ಅವರು ನಿಂತ ಜಾಗದಲ್ಲಿ ಸೀರೆಯ ಬಣ್ಣವೊಂದು ಕಾಣುತ್ತದೆ, ಮುಖ ಅಳಿಸಿಹೋಗಿರುತ್ತದೆ. ಕ್ಯಾಮೆರಾ ಕ್ಲಿಕ್ಕೆನ್ನುವಾಗ ಅವರು ಯಾರಿಗೋ ಸಿಹಿ ಕೊಡಲು ತಿರುಗಿರುತ್ತಿದ್ದರು.

ನಾನೂ ಅಂಥ ತಾಳ್ಮೆಯ ಹೆಣ್ಣಲ್ಲ. ನಾವು ಚಿಕ್ಕಬಾಣಾವರದ ಹಳೇ ಊರಿನವರು, ಹೊಲ ಹೋಗಿ ಬಾಡಿಗೆ ಮನೆಗಳಾದ ಕುಟುಂಬ. ನಮ್ಮೂರಿನ ರಸ್ತೆಯಲ್ಲಿ ದಿನಾ ಬಸ್ಸು ಆಮೆಯ ಹಾಗೆ ತೆವಳುವುದನ್ನು ನೋಡಿದರೆ ನನಗೆ ಇಳಿದು ಕಿರುಚಬೇಕೆನಿಸುತ್ತದೆ. ಅದೇ ಬಸ್ಸಿನಲ್ಲಿ ಅಕ್ಕನೂ ಬರುತ್ತಿದ್ದರು, ಸೀಟು ಖಾಲಿಯಿದ್ದರೂ ಕಂಬ ಹಿಡಿದು ನಿಂತು. ಆ ಬಸ್ಸಿನಲ್ಲೇ ಒಂದು ಬೆಳಿಗ್ಗೆ ನನ್ನ ಕಡೆ ಬಗ್ಗಿ ಪಿಸುಗುಟ್ಟಿದರು.

"ತಂಗಿ, ಫೋಟೋ ತೆಳ್ಳಗ ಮಾಡೂದು ಹೆಂಗ ಅಂತ ಗೊತ್ತೈತೇನು ನಿನಗ?"

"ತೆಳ್ಳಗೆ ಅಂದ್ರೆ? ಸಣ್ಣ ಕಾಣೋ ಹಾಗಾ?"

"ಅಲ್ಲವಾ. ಕಂಪ್ಯೂಟರ್ ಒಲ್ಲೆ ಅನ್ನಾಕತ್ತೈತಿ. ಭಾಳ ಭಾರ ಆಗೈತಂತ. ನೂರು ಕೆಬಿ ಒಳಗ ಬೇಕಂತ."

"ಯಾರ ಫೋಟೋ ಅಕ್ಕಾ?"

"ನಮ್ಮ ಊರಾಗ ಒಬ್ಬಾಕಿ ಅದಾಳ. ಪಾಪ, ವಯಸ್ಸಾಗೈತಿ. ಈಗ ಲಗ್ನ ಮಾಡಿಕೊಬೇಕಂತ ಮನಸ್ಸು ಮಾಡ್ಯಾಳ. ಆಕಿಗೆ."

ನಾನು ಫೋನಿಗೆ ಕೈ ಚಾಚಿದೆ. ಅವರು ಕೊಡಲಿಲ್ಲ. ನಾನು ಕೇಳದೆಯೇ "ನಂದಲ್ಲ ಮತ್ತ, ನೀ ಏನೇನೋ ತಿಳಕೋಬ್ಯಾಡ" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ! ನಾನು ನಕ್ಕೆ. ಅವರು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು, ಆಮೇಲೆ ಫೋನು ನನ್ನ ಮಡಿಲಲ್ಲಿ ಹಾಕಿದರು. ನೀಲಿ ಹಿನ್ನೆಲೆ, ಹಣೆಯ ಮೇಲೆ ತೆಳುವಾಗಿ ವಿಭೂತಿ, ಹಸಿರು ಸೀರೆ. ಅಷ್ಟು ವರ್ಷದಲ್ಲಿ ಅವರ ಮುಖ ಅಲುಗಾಡದೆ ನಿಂತದ್ದನ್ನು ನಾನು ಮೊದಲ ಸಲ ನೋಡಿದ್ದು ಆ ಫೋಟೋದಲ್ಲಿ.

ಆ ಒಂದು ಫೋಟೋಗೆ ಅವರು ಪಟ್ಟ ಪಾಡು ಆಮೇಲೆ ತಿಳಿಯಿತು. ಜಾಲಹಳ್ಳಿ ಕ್ರಾಸಿನ ಸ್ಟುಡಿಯೋದವನು "ಮೇಡಂ ಅಲುಗಾಡ್ಬೇಡಿ, ಮೇಡಂ ಆ ಕಡೆ ನೋಡ್ಬೇಡಿ" ಎಂದು ಹೇಳಿ ಹೇಳಿ ಸುಸ್ತಾಗಿದ್ದನಂತೆ. ಕೊನೆಗೆ ತೆಗೆದ. ತೆಗೆದವನು ಸುಮ್ಮನಿರಲಾರದೆ ಕಂಪ್ಯೂಟರಿನಲ್ಲಿ ಅವರ ಮುಖ ಬೆಳ್ಳಗೆ ಮಾಡಿ, ಹಣೆಯ ಗೆರೆಗಳನ್ನೆಲ್ಲ ಒರೆಸಿಬಿಟ್ಟಿದ್ದ. ಅಕ್ಕ ಅದನ್ನು ನೋಡಿ ಜಗಳ ತೆಗೆದರಂತೆ. "ನನ್ನ ಹಣಿ ಮ್ಯಾಲಿನ ಗೆರಿ ಎಲ್ಲಾ ವಾಪಸ್ ಹಾಕ್ರಿ. ಸ್ಯಾಂಪಲ್ ಒಂದು, ಸಪ್ಲೈ ಒಂದು ಆಗಬಾರದು. ನಾಳೆ ನೋಡಾಕ ಬಂದವ್ರು ಮಾಲು ವಾಪಸ್ ಕಳಿಸಿದ್ರ ನಿಮ್ಮ ಅಪ್ಪ ಬರ್ತಾನೇನು?" ಇಷ್ಟು ವರ್ಷದ ಡಿಸ್ಪ್ಯಾಚ್ ಬುದ್ಧಿ ಎಲ್ಲಿ ಹೋಗುತ್ತದೆ!

ಫೋಟೋ ಏರಿಸಬೇಕಾದದ್ದು ಅವರ ಸಮುದಾಯದ ವಧುವರರ ವೆಬ್‌ಸೈಟಿಗೆ. ಯಾರೋ ಪುಣ್ಯಾತ್ಮರು ಯಾವ ಕಾಲದಲ್ಲೋ ಮಾಡಿಟ್ಟದ್ದು, ಫೋಟೋ ಸ್ವಲ್ಪ ದೊಡ್ಡದಿದ್ದರೂ ಕೆಂಪಕ್ಷರದಲ್ಲಿ ಬೈಯುತ್ತಿತ್ತು. ಸ್ಟುಡಿಯೋದವನು ಕೊಟ್ಟದ್ದು ಎಂಟು ಎಂಬಿ. "ನನ್ನ ಮುಖ ಅಷ್ಟು ಭಾರ ಐತೇನು? ಎಂಟು ಎಂಬಿಯಾಗ ನೆಟ್ ತೂಕ ನಾನೆಷ್ಟು, ಪ್ಯಾಕಿಂಗ್ ಎಷ್ಟು ನೋಡು" ಎಂದು ಅಕ್ಕ ಕೇಳಿದರು. ಊಟದ ಹೊತ್ತಿನಲ್ಲಿ ನಾನು ಯಾವುದೋ ಸೈಟು ತೆರೆದು ಅದನ್ನು ಒಂದೇ ಏಟಿಗೆ ಇಳಿಸಿದೆ. ಬಂದದ್ದು ನೋಡಿದರೆ ಮುಖವೆಲ್ಲ ಚೌಕ ಚೌಕ, ಹಳೇ ಮನೆಯ ಮೊಸಾಯಿಕ್ ನೆಲದ ಹಾಗೆ. ಅಕ್ಕ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಇದರಾಗ ನನ್ನ ಮೂಗು ಯಾವ ಟೈಲ್ಸು?" ಎಂದರು.

ನಮ್ಮ ಕಾರ್ಖಾನೆಯಲ್ಲಿ ಇದಕ್ಕೊಂದು ಸುಲಭದ ದಾರಿ ಇದೆ. ಅದಕ್ಕೆ "ಒಂದು ನೀರು ಹಾಕುವುದು" ಎನ್ನುತ್ತಾರೆ. ಹೊಸ ಹತ್ತಿ ಬಟ್ಟೆ ಒಂದು ನೀರಿಗೆ ಕುಗ್ಗುವ ಹಾಗೆ, ಯಾವ ಫೋಟೋವಾದರೂ ವಾಟ್ಸಾಪಿನಲ್ಲಿ ಒಬ್ಬರಿಗೆ ಕಳಿಸಿ ವಾಪಸ್ ತರಿಸಿಕೊಂಡರೆ ತಾನಾಗಿ ಕುಗ್ಗುತ್ತದೆ. ಲೈಸೆನ್ಸಿಗೆ, ಪಿಎಫ್‌ಗೆ, ಮಕ್ಕಳ ಪರೀಕ್ಷೆಗೆ ಡ್ರೈವರುಗಳೆಲ್ಲ ಹೀಗೇ ಮಾಡುತ್ತಾರೆ. ಹಟಮಾರಿ ಫೋಟೋವಾದರೆ ಎರಡು ನೀರು. ನಾನು ಅಕ್ಕನಿಗೆ ಹೇಳಿಕೊಟ್ಟೆ, ನನಗೇ ಕಳಿಸಿ ಎಂದೆ. ಅವರು ಅದನ್ನು ಡಾಕ್ಯುಮೆಂಟ್ ಎಂದು ಕಳಿಸಿದರು. ಹಾಗೆ ಕಳಿಸಿದರೆ ಒಂದು ಚೂರೂ ಇಳಿಯುವುದಿಲ್ಲ, ಎಂಟು ಎಂಬಿ ಎಂಟಾಗಿಯೇ ಬಂತು. "ಫೋಟೋ ಅಂತಲೇ ಕಳಿಸ್ಬೇಕು ಅಕ್ಕಾ" ಎನ್ನುವಷ್ಟರಲ್ಲಿ ಗೇಟಿನಲ್ಲಿ ಲಾರಿ ಹಾರನ್ ಹೊಡೆಯಿತು, ಅವರು ಹೊರಟರು. ನಾಳೆ ಬೆಳಿಗ್ಗೆ ಕಳಿಸುತ್ತೇನೆ ಎಂದು ಕೈ ಆಡಿಸಿದರು.

ಈ ಗುಟ್ಟು ತಮ್ಮನಿಗೆ ಗೊತ್ತಾಗಬಾರದು ಎಂಬುದೊಂದೇ ಅವರ ಚಿಂತೆ. ತಮ್ಮ ಕೆಟ್ಟವರಲ್ಲ. ಅಕ್ಕನೆಂದರೆ ಪ್ರಾಣ. ಮನೆಗೆ ಯಾರೇ ಬರಲಿ, "ನಮ್ಮಕ್ಕ ನಮ್ಮ ಮನೆಯ ದೇವರು" ಎಂದು ಮುಂದೆ ತಂದು ನಿಲ್ಲಿಸುತ್ತಿದ್ದರು. ಆ ಸಂಜೆ ಬಸ್ಸು ಕಾಯುವಾಗ ನಾನು ಆ ಮಾತೆತ್ತಿ, ಇಷ್ಟು ಪ್ರೀತಿ ಮಾಡುವ ತಮ್ಮನಿಗೆ ಹೇಳಲು ಏನು ಭಯ ಎಂದು ಕೇಳಿದೆ.

"ದೇವರ ಮಾಡಿ ಕುಂದರಿಸಿದ್ರ ಮುಗೀತು ನೋಡು" ಎಂದರು ಅಕ್ಕ. "ದೇವರಿಗೆ ಯಾರೂ ಊಟ ಆತೇನು ಅಂತ ಕೇಳಂಗಿಲ್ಲ. ನೈವೇದ್ಯ ತೋರಿಸಿ ತಾವ ಉಣ್ತಾರ."

"ಅಲ್ಲಕ್ಕಾ, ಈಗ ಯಾಕೆ ಮದುವೆ? ಬೇಜಾರಾಗಲ್ಲ ತಾನೆ ಕೇಳಿದ್ರೆ?"

"ನನಗ ಯಾರ ಜೊತಿಗಾದ್ರೂ ಜಗಳಾಡಬೇಕು ಅನಿಸೈತಿ ತಂಗಿ. ಮನಿಯಾಗ ಎಲ್ಲಾರೂ ಮರ್ಯಾದಿ ಕೊಡ್ತಾರ. ಸಾರಿಗೆ ಉಪ್ಪು ಜಾಸ್ತಿ ಹಾಕಿದ್ರೂ ಸುಮ್ಮನ ಉಣ್ತಾರ. ಇಷ್ಟು ಮರ್ಯಾದಿ ತಗೊಂಡು ಏನ್ ಮಾಡ್ಲಿ ನಾನು?" ಎಂದು ಹೇಳಿ, ಬಸ್ಸು ಬಂತೇನೋ ನೋಡಲು ರಸ್ತೆಯ ಮಧ್ಯಕ್ಕೇ ಹೋಗಿ ನಿಂತರು. ನನಗೆ ಆ ದಿನ ಮನೆಗೆ ಬಂದ ಮೇಲೂ ಕೂತಲ್ಲಿ ಕೂರಲಾಗಲಿಲ್ಲ.

ನಮ್ಮ ಕಾರ್ಖಾನೆಯ ವಾಟ್ಸಾಪ್ ಗುಂಪಿನ ವಿಷಯ ಹೇಳಬೇಕು. ಅದರ ಹೆಸರು ಡಿಸ್ಪ್ಯಾಚ್ ಫ್ಯಾಮಿಲಿ. ಕಾರ್ಖಾನೆಯ ಎಲ್ಲ ವಿಭಾಗದವರು, ಸೆಕ್ಯೂರಿಟಿಯವರು, ಲಾರಿಯವರು, ಬೊಮ್ಮಸಂದ್ರದ ಟ್ರಾನ್ಸ್‌ಪೋರ್ಟ್ ಆಫೀಸಿನವರು ಎಲ್ಲರೂ ಅದರಲ್ಲಿದ್ದಾರೆ. ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ, ಮಧ್ಯಾಹ್ನ ಲಾರಿ ನಂಬರು, ಮಧ್ಯೆ ಮಧ್ಯೆ ಸಾವಿನ ಸುದ್ದಿ. ಹುಟ್ಟುಹಬ್ಬದ ಫೋಟೋವಾದರೆ ಸುತ್ತ ಬಲೂನು, ಕೇಕು ಇರುತ್ತದೆ. ಪಾಸ್‌ಪೋರ್ಟ್ ಅಳತೆಯ ಫೋಟೋ ಒಂಟಿಯಾಗಿ, ಕೆಳಗೆ ಒಂದಕ್ಷರವೂ ಇಲ್ಲದೆ ಬಂದರೆ ಅದಕ್ಕೆ ಒಂದೇ ಅರ್ಥ. ಯಾರೂ ಏನೂ ಕೇಳುವುದಿಲ್ಲ, ಓಂ ಶಾಂತಿ ಎಂದು ಒತ್ತಿ ಮುಂದಿನ ಕೆಲಸ ನೋಡುತ್ತಾರೆ. ಬುದ್ಧಿಯಿರುವವರೆಲ್ಲ ಆ ಗುಂಪಿನ ಸದ್ದು ನಿಲ್ಲಿಸಿಟ್ಟಿರುತ್ತಾರೆ, ನಾನೂ ಹಾಗೇ ಮಾಡಿದ್ದೆ.

ಮರುದಿನ ನಾವಿಬ್ಬರೂ ನೇರವಾಗಿ ಮಾದನಾಯಕನಹಳ್ಳಿಯ ಗೋಡೌನಿಗೆ ಹೋಗಬೇಕಿತ್ತು, ದಾಸ್ತಾನು ಎಣಿಸಲು. ಅಕ್ಕ ಗೋಡೌನಿನ ಗೇಟಿನ ಹತ್ತಿರ ನಡೆಯುತ್ತಾ, ಒಂದು ಕೈಯಲ್ಲಿ ಬೀಗದ ಕೈ, ಒಂದು ಕೈಯಲ್ಲಿ ಫೋನು, ವಾಚ್‌ಮನ್ನನ್ನು ಬೈಯುತ್ತಾ ಫೋಟೋ ಕಳಿಸಿದರು. ಅವರ ಫೋನಿನ ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೇ ಆ ಗುಂಪಿನ ಹೆಸರು ಇತ್ತು. ಒಳಗೆ ಹೋದೆವು. ತಗಡಿನ ಮಾಡಿನ ಕೆಳಗೆ ನೆಟ್‌ವರ್ಕ್ ಸಿಗುವುದಿಲ್ಲ. "ಕಳಿಸಿದ್ರಾ ಅಕ್ಕಾ? ಬಂದೇ ಇಲ್ಲ" ಎಂದೆ. "ಕಳಿಸೀನಿ ತಂಗಿ, ಈ ಸಲ ಫೋಟೋ ಅಂತನ ಒತ್ತೀನಿ. ಹೊರಗ ಹೋದಮ್ಯಾಲೆ ಬರತೈತಿ ತಗೋ" ಎಂದರು. ಇಬ್ಬರೂ ಎಣಿಕೆಗೆ ಬಿದ್ದೆವು. ಅವರ ಫೋನು ಚಾರ್ಜು ಮುಗಿದು ಬ್ಯಾಗಿನಲ್ಲಿ ಸತ್ತಿತ್ತು.

ಮಧ್ಯಾಹ್ನ ಟೆಂಪೋ ಹತ್ತಿ ಕಾರ್ಖಾನೆಗೆ ವಾಪಸ್ ಬಂದಾಗ ಗೇಟಿನಲ್ಲಿ ಸೆಕ್ಯೂರಿಟಿಯವರು ಇರಲಿಲ್ಲ. ಯಂತ್ರಗಳ ಸದ್ದೂ ಇರಲಿಲ್ಲ. ಒಳಗೆ ಅಂಗಳದಲ್ಲಿ ಎಲ್ಲರೂ ಸಾಲಾಗಿ ತಲೆ ತಗ್ಗಿಸಿ ನಿಂತಿದ್ದಾರೆ. ಮ್ಯಾನೇಜರು ಕಣ್ಣು ಮುಚ್ಚಿಕೊಂಡು ಮುಂದೆ ನಿಂತಿದ್ದಾರೆ. ಅಕ್ಕ ನನ್ನ ತೋಳು ಹಿಡಿದು, "ಯಾರೋ ಹೋಗ್ಯಾರ ನೋಡು, ಶಿವನೇ" ಎಂದು ಪಿಸುಗುಟ್ಟಿ, ಚಪ್ಪಲಿ ಕಳಚಿಟ್ಟು ಹಿಂದಿನ ಸಾಲಿನಲ್ಲಿ ನಿಂತರು. ನಾನೂ ನಿಂತೆ. ತಲೆ ತಗ್ಗಿಸಿಕೊಂಡೇ ಪಕ್ಕದ ಲೇತ್ ಆಪರೇಟರನ್ನು ಮೆತ್ತಗೆ ಕೇಳಿದರು.

"ಯಾರು ಹೋದ್ರು ತಮ್ಮಾ?"

ಅವನು ಕಣ್ಣು ತೆರೆಯದೆ, "ನಮ್ ಡಿಸ್ಪ್ಯಾಚ್ ಅಕ್ಕ" ಎಂದ.

"ಯಾವ ಡಿಸ್ಪ್ಯಾಚ್ ಅಕ್ಕ? ನಾನೇನು?"

ಅವನು ಕಣ್ಣು ತೆರೆದ. ಆ ಪಾಪದವನು ಕಿರುಚಿದ ರಭಸಕ್ಕೆ ಪಕ್ಕದ ಕಾರ್ಖಾನೆಯವರು ಗೋಡೆ ಮೇಲೆ ಇಣುಕಿದರು. ಸೆಕ್ಯೂರಿಟಿಯವರು, ಅವರು ಅಲ್ಲಿಯ ಹಳೇ ಹಳ್ಳಿಯ ಮುದುಕರು, ಎದೆ ಹಿಡಿದುಕೊಂಡು, "ಅಯ್ಯೋ ಸಿವ್ನೇ! ಅಕ್ಕಾವ್ರೇ, ನೀವು ಓಗ್ಬುಟ್ರಿ ಅಂದ್ರಲ್ಲವ್ವಾ! ಇಂಗೂ ಉಂಟಾ?" ಎಂದು ಅಲ್ಲೇ ಕುಕ್ಕರಿಸಿದರು. ಕ್ಯಾಂಟೀನಿನವನು ಹಾರ ತಂದಿದ್ದ. ಅದನ್ನು ಹಿಂದೆ ಮುಂದೆ ನೋಡಿ ಮೆಲ್ಲಗೆ ಗಣಪತಿ ಫೋಟೋಗೆ ಹಾಕಿದ. ಮ್ಯಾನೇಜರು "ಸೋ ಸಾರಿ ಮೇಡಂ, ಗ್ರೂಪಲ್ಲಿ ನಿಮ್ ಫೋಟೋ ಬಂತು, ಯಾರೋ ನಿಮ್ ಫೋನಿಂದ ಹಾಕಿದಾರೆ ಅಂದ್ಕೊಂಡ್ವಿ, ಎಲ್ರೂ ಓಂ ಶಾಂತಿ ಅಂತ ಹಾಕ್ಬಿಟ್ರು, ನಿಮ್ ಫೋನ್ ಬೇರೆ ಸ್ವಿಚ್ ಆಫ್" ಎಂದು ತೊದಲಿದರು. ಯಾರೋ ಒಬ್ಬರು ನಕ್ಕರು. ಆಮೇಲೆ ಇಡೀ ಅಂಗಳ ನಕ್ಕಿತು. ಅಕ್ಕನೂ ನಕ್ಕರು. ನಗುವಿನ ಮಧ್ಯೆ ಎಚ್‌ಆರ್ ಹುಡುಗಿ ಹತ್ತಿರ ಬಂದು, "ಮೇಡಂ, ನಿಮ್ ತಮ್ಮನಿಗೂ ಕಾಲ್ ಮಾಡಿ ಹೇಳ್ಬಿಟ್ಟಿದೀನಿ. ಹೊರಟಿದಾರೆ" ಎಂದಳು. ಅಕ್ಕನ ನಗು ನಿಂತಿತು.

ತಮ್ಮನ ಆಫೀಸು ಮಹದೇವಪುರದಲ್ಲಿ. ಅಲ್ಲಿಂದ ಪೀಣ್ಯಕ್ಕೆ ರಿಂಗ್ ರೋಡಿನಲ್ಲಿ ಸ್ಕೂಟರಿನಲ್ಲಿ ಬರುವುದೆಂದರೆ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ಮತ್ತೆ ಮತ್ತೆ ಫೋನ್ ಮಾಡಿದೆ. ಗಾಡಿ ಓಡಿಸುವವರು ಎತ್ತಲಿಲ್ಲ. ಅಕ್ಕ ತೂಕದ ಯಂತ್ರದಿಂದ ಗೇಟಿಗೆ, ಗೇಟಿನಿಂದ ತೂಕದ ಯಂತ್ರಕ್ಕೆ ತಿರುಗಿದರು. "ಅಳಕೋಂತ ಗಾಡಿ ಹೊಡೀತಿರ್ತಾನ. ಎಲ್ಲೆರ ಬಿದ್ದಾನು" ಎಂದರು. ಮತ್ತೆ ತಿರುಗಿದರು. ನಾನು ಅವರ ಗಮನ ತಪ್ಪಿಸಲೆಂದು ನನ್ನ ಫೋನಿನಲ್ಲಿ ಗುಂಪು ತೆರೆದು, "ನೋಡಿ ಅಕ್ಕಾ, ಎಷ್ಟು ಜನ ಏನೇನ್ ಬರ್ದಿದಾರೆ" ಎಂದು ಕೈಗೆ ಕೊಟ್ಟೆ.

ಮೊದಲು ಬರೆದದ್ದು ಬೊಮ್ಮಸಂದ್ರದ ಟ್ರಾನ್ಸ್‌ಪೋರ್ಟಿನವನು, ಅಕ್ಕನ ಹತ್ತಿರ ದಿನಾ ಬೈಸಿಕೊಳ್ಳುವವನು. ಅವನ ಕೆಳಗೆ ಸಾಲುಸಾಲು. ತುಂಬಲಾರದ ನಷ್ಟ. ತಾಯಿಯಂತಿದ್ದರು. ಎಲ್ಲರಿಗಾಗಿ ಬದುಕಿದ ಜೀವ. ಅಕ್ಕ ನಿಂತುಕೊಂಡೇ ಓದಿದರು. ಒಂದೊಂದಕ್ಕೂ ಮುಖ ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಹೋಯಿತು. ಒಂದು ಕಡೆ ಬೆರಳು ನಿಲ್ಲಿಸಿದರು. "ತಮಗಾಗಿ ಎಂದೂ ಏನನ್ನೂ ಬಯಸದವರು" ಎಂದು ಯಾರೋ ಬರೆದಿದ್ದರು, ಕೆಳಗೆ ಕೈಮುಗಿದ ಚಿತ್ರಗಳು.

"ಇದನ್ನ ಯಾರು ಹೇಳಿದ್ರು ಇವರಿಗೆ?" ಎಂದು ಕೇಳಿದರು. "ಬಯಸಂಗಿಲ್ಲ ಅಂತ ಯಾರಿಗೆ ಬರಕೊಟ್ಟೀನಿ ನಾನು?"

ಮುಂದೆ ಮದುವೆ ಆಯಿತೇ ಎಂದು ಕೇಳುವವರಿಗೆ ಈಗಲೇ ಹೇಳಿಬಿಡುತ್ತೇನೆ, ನನಗೂ ಕಾಯಿಸುವ ತಾಳ್ಮೆಯಿಲ್ಲ. ಆಯಿತು. ಹರಿಹರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ, ಹೆಂಡತಿ ತೀರಿಕೊಂಡ ಒಬ್ಬರ ಜೊತೆ. ಸ್ವಲ್ಪ ಕಾಲ ಕೆಲಸ ಬಿಡದೆ ವಾರಕ್ಕೊಮ್ಮೆ ಓಡಾಡಿ, ಈಗ ಬಿಟ್ಟು ಅಲ್ಲಿಗೇ ಹೋಗಿದ್ದಾರೆ. ಮೊನ್ನೆ ಫೋನಿನಲ್ಲಿ, "ದಿನಾ ಜಗಳ ತಂಗಿ, ಭಾಳ ಆರಾಮ ಅದೀನಿ" ಎಂದರು. ಆದರೆ ಅವರನ್ನು ನೆನೆದರೆ ನನಗೆ ಮದುವೆ ಮನೆ ನೆನಪಾಗುವುದಿಲ್ಲ, ಆ ಮಧ್ಯಾಹ್ನದ ಗೇಟು ನೆನಪಾಗುತ್ತದೆ.

ತಮ್ಮ ಬಂದರು. ಸ್ಕೂಟರಿಗೆ ಸ್ಟ್ಯಾಂಡು ಹಾಕಲೂ ತೋಚದೆ ಕೈಬಿಟ್ಟರು, ಅದು ದಡಾರನೆ ಬಿತ್ತು. ಎದುರಿಗೆ ಅಕ್ಕ ನಿಂತಿದ್ದಾರೆ. ತಮ್ಮ ಒಂದು ಕ್ಷಣ ಹಾಗೇ ನೋಡಿದರು. ಆಮೇಲೆ ಓಡಿಬಂದು ಅಕ್ಕನ ಹೆಗಲಿಗೆ ಮುಖ ಒತ್ತಿದರು, ತಲೆಯ ಮೇಲಿನ ಹೆಲ್ಮೆಟ್ಟಿನ ಸಮೇತ. "ಹೆಲ್ಮೆಟ್ ತಗಿಯೋ ಮಾರಾಯಾ, ನನ್ನ ಹಣಿ ಒಡೀತೈತಿ" ಎಂದರು ಅಕ್ಕ, ಆದರೆ ಅವನ ಬೆನ್ನು ಸವರುವುದನ್ನು ನಿಲ್ಲಿಸಲಿಲ್ಲ. ಅಷ್ಟು ದೊಡ್ಡ ಗಂಡಸು ಬಿಕ್ಕಿ ಬಿಕ್ಕಿ ಅಳುವುದನ್ನು ನೋಡಲಾರದೆ ನಾವೆಲ್ಲ ಬೇರೆ ಕಡೆ ನೋಡಿದೆವು.

ಅಳು ನಿಂತ ಮೇಲೆ ಸಿಟ್ಟು ಬಂತು. ಬರಲೇಬೇಕಲ್ಲ.

"ಯಾರ್ರೀ ಗ್ರೂಪಿಗೆ ಫೋಟೋ ಹಾಕಿದ್ದು? ಬುದ್ಧಿ ಇಲ್ವೇನ್ರೀ?"

"ನಾನ ಹಾಕಿದ್ದು. ಕೈ ತಪ್ಪಿ ಹೋ‌ತು" ಎಂದರು ಅಕ್ಕ.

"ನೀನಾ? ಯಾತಕ್ಕ ಬೇಕಾಗಿತ್ತಕ್ಕಾ ಫೋಟೋ?"

ನಾನು ಮಧ್ಯೆ ನುಗ್ಗಿದೆ. "ಐಡಿ ಕಾರ್ಡಿಗೆ ಸಾರ್. ಎಲ್ರಿಗೂ ಹೊಸ ಐಡಿ ಕಾರ್ಡ್ ಮಾಡಿಸ್ತಿದಾರೆ." ಅಕ್ಕ ಹೌದು ಎಂದು ತಲೆಯಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತಮ್ಮ ನಂಬಿದ್ದರು ಕೂಡ, ಕರ್ಚೀಫು ತೆಗೆದು ಮೂಗು ಒರೆಸಿಕೊಳ್ಳುತ್ತಿದ್ದರು. ಅಕ್ಕ ನನ್ನನ್ನು ನೋಡಿದರು. ಕೈಯಲ್ಲಿದ್ದ ನನ್ನ ಫೋನನ್ನು ನೋಡಿದರು.

"ಐಡಿ ಕಾರ್ಡಿಗೆ ಅಲ್ಲ. ಲಗ್ನಕ್ಕ."

"ಯಾರ ಲಗ್ನಕ್ಕ?"

"ನನ್ನ ಲಗ್ನಕ್ಕ."

ಅಕ್ಕ ಸತ್ತಳೆಂದು ಓಡಿಬಂದ ಮುಖದಲ್ಲಿ ಬರೀ ದುಃಖವಿತ್ತು. ಈಗ ಅದರಲ್ಲಿ ಗಾಬರಿ ಕಂಡಿತು. ಇದನ್ನು ನಾನು ಉತ್ಪ್ರೇಕ್ಷೆ ಮಾಡಿ ಹೇಳುತ್ತಿಲ್ಲ, ಕಣ್ಣಾರೆ ಕಂಡದ್ದು. ಅಂಗಳದಲ್ಲಿದ್ದವರು ಒಬ್ಬೊಬ್ಬರೇ ಯಂತ್ರಗಳ ಕಡೆ ಜಾರಿದರು. ನಾನು ಜಾರಲಿಲ್ಲ.

"ಮನಿಯಾಗ ನಿನಗ ಏನು ಕಮ್ಮಿ ಮಾಡೀವಕ್ಕಾ?" ಎಂದರು ತಮ್ಮ.

"ಏನೂ ಇಲ್ಲೋ. ಹೇಳಿಕೊಳ್ಳಾಕ ಒಂದು ಕಮ್ಮಿನೂ ಇಲ್ಲ. ಅದಕ್ಕ ಇಷ್ಟು ದಿನ ಬಾಯಿ ಬಿಡಾಕ ಆಗಿಲ್ಲ."

"ಮಂದಿ ಏನಂತಾರ?"

ಅಕ್ಕ ಫೋನು ಎತ್ತಿ ತೋರಿಸಿದರು. "ಮಂದಿ ಏನಂತಾರ ಅನ್ನೋದನ್ನ ಈಗ ಓದಿ ಮುಗಿಸೀನಿ. ಸತ್ತ ಮ್ಯಾಲೆ ಅನ್ನೋದೂ ಅಂದು ಮುಗಿಸ್ಯಾರ. ಇನ್ನ ಅಂಜಿಕಿ ಯಾತರದು?"

ರಸ್ತೆಯಲ್ಲಿ ಲಾರಿಗಳು ಒಂದರ ಹಿಂದೊಂದು ಹಾರನ್ ಹೊಡೆಯುತ್ತಿದ್ದವು. ತಮ್ಮ ಬಿದ್ದ ಸ್ಕೂಟರನ್ನು ಎತ್ತಿ ನಿಲ್ಲಿಸಿದರು. ಅದರ ಕನ್ನಡಿ ಸರಿ ಮಾಡಿದರು. ಆಮೇಲೆ, ಅಕ್ಕನ ಕಡೆ ತಿರುಗದೆ, ಶಾಲೆಯ ಬಾಗಿಲಲ್ಲಿ ಬಿಟ್ಟುಹೋದ ಮಗುವಿನ ದನಿಯಲ್ಲಿ ಕೇಳಿದರು.

"ಮತ್ತ ನಾವು?"

ಅಕ್ಕನ ಕಣ್ಣು ತುಂಬಿಬಂತು. ಸೆರಗಿನಿಂದ ಒರೆಸಿಕೊಂಡರು, ಮತ್ತೆ ತುಂಬಿತು. ಕೊನೆಗೆ ತಮ್ಮನ ಹತ್ತಿರ ಹೋಗಿ, ಅವನ ಕೈಯಲ್ಲಿದ್ದ ಹೆಲ್ಮೆಟ್ಟನ್ನು ತೆಗೆದುಕೊಂಡು ತಾವೇ ಅವನ ತಲೆಗೆ ಹಾಕಿದರು. ಗದ್ದದ ಕೆಳಗೆ ಪಟ್ಟಿ ಬಿಗಿಯುತ್ತಾ ಮೆತ್ತಗೆ ಹೇಳಿದರು.

"ಮಹದೇವಪುರದಿಂದ ಇಲ್ಲೀ ತನಕ ನಾ ಸತ್ತೀನಂತ ತಿಳಕೊಂಡ ಬಂದಿಯಲ್ಲೋ. ಅಕ್ಕ ಇಲ್ಲದ ಮನಿ ಹೆಂಗ ನಡಸೂದು ಅಂತ ದಾರಿಯಾಗ ಏನರ ವಿಚಾರ ಮಾಡಿರಬೇಕಲ್ಲ? ಹಂಗ ನಡಸ್ರಿ."